ಲೆಕ್ಕದಿಂದ ಬಿಟ್ಟ ಆಸ್ಪತ್ರೆ

"ನಮ್ಮ ಆಸ್ಪತ್ರೆನ ಲೆಕ್ಕದಿಂದ ತೆಗೆದುಹಾಕಿದ್ದು ನೀವೇನಾ?"

ಅವಳು ತಲೆಯೆತ್ತಿದಳು. ಬಾಗಿಲಲ್ಲಿ ನಿಂತವನ ತೋಳಲ್ಲಿ ನಾಲ್ಕು ದಪ್ಪ ರಿಜಿಸ್ಟರುಗಳು.

ಅವನು ದೂರದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಎಚ್‌ಐವಿ ಆಪ್ತಸಮಾಲೋಚಕ. ಅವಳು, ದೇಶದಲ್ಲಿ ಎಷ್ಟು ಜನರಿಗೆ ಸೋಂಕಿದೆ, ಐದು ವರ್ಷಕ್ಕೆ ಎಷ್ಟಾದೀತು ಎಂದು ಅಂದಾಜಿಸುವವಳು. ಆ ಅಂದಾಜು ನೋಡಿಯೇ ಔಷಧಿ ಹಂಚುತ್ತಿದ್ದರು.

"ಸುತ್ತಲಿನ ಊರುಗಳಿಗಿಂತ ಮೂರು ಪಟ್ಟು ಸೋಂಕು ತೋರಿಸಿದ್ದೀರಿ. ಒಬ್ಬರನ್ನೇ ಎರಡು ಸಲ ಬರೆದಿರಬೇಕು," ಎಂದಳು.

"ಕೂತಲ್ಲೇ ಗೊತ್ತಾಯ್ತಾ? ಇದರಲ್ಲಿ ಜನರ ಹೆಸರಿದೆ, ಬಿಟ್ಟುಹೋಗೋ ಹಾಗಿಲ್ಲ. ನೀವೇ ಬಂದು ನೋಡಿ."

ತಿರುಗಿಯೂ ನೋಡದೆ ಹೊರಟ.

ಎಂಥ ಸೊಕ್ಕು... ಆದರೂ ಆ ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಸೋಮವಾರ ಬಸ್ಸು ಹತ್ತಿದಳು.

ಐದು ದಿನ ಅವನ ಎದುರಿಗೇ ಕೂತು ಪುಟಪುಟ ತಾಳೆ ನೋಡಿದಳು. ಎರಡು ಸಲ ಬರೆದದ್ದು ಮೂರೇ ಮೂರು ಹೆಸರು. ಶುಕ್ರವಾರ, ಎರಡು ಬಸ್ಸು ಬದಲಿಸಿ ಒಬ್ಬ ಬಸುರಿ ಬಂದಳು.

"ಇಷ್ಟು ದೂರ ಯಾಕಮ್ಮ? ನಿಮ್ಮೂರಲ್ಲೇ ಪರೀಕ್ಷೆ ಮಾಡ್ತಾರಲ್ಲ," ಎಂದು ಅವಳು ಕೇಳಿದಳು.

"ಅಲ್ಲಿ ರಕ್ತ ತೆಗೆಯೋಳು ನನ್ನ ನಾದಿನಿ. ಇಲ್ಲಿ ಈ ಅಣ್ಣ ಯಾರ ಮನೆಯೋಳು ಅಂತ ಕೇಳಲ್ಲ, ಊಟ ಆಯ್ತಾ ಅಂತ ಕೇಳ್ತಾರೆ."

ಮೂರು ಪಟ್ಟು ಯಾಕೆಂದು ಈಗ ಅವಳಿಗೆ ತಿಳಿಯಿತು. ಸುತ್ತೂರಿನವರೆಲ್ಲ ಹೆದರಿ ಬರುತ್ತಿದ್ದದ್ದು ಇಲ್ಲಿಗೇ.

ಅಲ್ಲಿಂದಲೇ ಮೇಲಧಿಕಾರಿಗೆ ಫೋನ್ ಮಾಡಿದಳು. "ತಪ್ಪು ನನ್ನದೇ ಸರ್. ಇಲ್ಲಿಗೆ ಬರೋರನ್ನ ಅವರವರ ಊರಿನ ಲೆಕ್ಕಕ್ಕೆ ಸೇರಿಸ್ತೀನಿ. ಔಷಧಿ ಮಾತ್ರ ಇಲ್ಲಿಗೇ ಬರಬೇಕು."

ಅವನು ಮೊದಲ ಸಲ ನಕ್ಕ. ಆ ನಗು ಅವಳೊಂದಿಗೇ ಬಸ್ಸು ಹತ್ತಿತು...

ಆಮೇಲೆ ದಿನಕ್ಕೊಂದು ಫೋನು. ಮೊದಮೊದಲು ಅಂಕಿಸಂಖ್ಯೆ, ಕ್ರಮೇಣ ಬೇರೆಲ್ಲವೂ. ಒಂದು ಸಂಜೆ ಅವಳು, "ನಿಮ್ಮ ದನಿ ಕೇಳದಿದ್ರೆ ದಿನಾನೇ ಹೋಗಲ್ಲ," ಎಂದುಬಿಟ್ಟಳು.

ಮರುದಿನದಿಂದ ಅವನು ಫೋನ್ ಎತ್ತಲಿಲ್ಲ.

ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಬೇಕು? ಎರಡು ವಾರ ಒಳಗೊಳಗೇ ಬೆಂದು, ಕೊನೆಗೆ ಅವನ ಕೋಣೆಯೆದುರೇ ಹೋಗಿ ನಿಂತಳು.

"ಔಷಧಿ ಬಂತು, ನನ್ನ ಕೆಲಸ ಮುಗೀತು. ಅಷ್ಟೇ ತಾನೆ?"

ಅವನು ಹೊರಗೆ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತ.

"ನನಗೂ ಎಚ್‌ಐವಿ ಇದೆ. ಒಂಬತ್ತು ವರ್ಷ ಆಯ್ತು. ದಿನಾ ನೂರು ಜನಕ್ಕೆ ಧೈರ್ಯ ಹೇಳ್ತೀನಿ... ನಿಮಗೆ ಹೇಳೋಕೆ ಬಾಯಿ ಬರಲಿಲ್ಲ."

ಅವಳು ಬೆಂಚಿನ ಮೇಲೆ ಅವನ ಪಕ್ಕ ಕೂತಳು.

"ಮಾತ್ರೆ ತಪ್ಪಿಸಿಲ್ವಲ್ಲ?"

"ಒಂದು ದಿನಾನೂ ಇಲ್ಲ. ಪರೀಕ್ಷೇಲಿ ವೈರಸ್ ಕಾಣಿಸದೆ ಎಷ್ಟೋ ವರ್ಷ ಆಯ್ತು."

"ಹಾಗಿದ್ರೆ ನನಗೂ ಅಂಟಲ್ಲ, ನೀವೂ ನನ್ನ ಜೊತೇಲೇ ಮುದುಕರಾಗ್ತೀರಿ. ಇದಕ್ಕಾ ಎರಡು ವಾರ ನನ್ನ ಅಳಿಸಿದ್ದು?"

ಅವನ ಕಣ್ಣು ಒದ್ದೆಯಾಯಿತು. "ಮನೇಲಿ ಅಮ್ಮನಿಗೆ ಏನು ಹೇಳ್ತೀರಿ?"

"ಒಬ್ಬ ಜಗಳಗಂಟನ್ನ ಮೆಚ್ಚಿದ್ದೀನಿ ಅಂತ."

"ಉಳಿದದ್ದು?"

"ಅದನ್ನ ಅಮ್ಮನಿಗೆ ನೀವೇ ಹೇಳಿ." ಅವಳು ಅವನ ಬೆರಳುಗಳನ್ನು ಹಿಡಿದುಕೊಂಡಳು. "ಹೇಳಿ ಮುಗಿಯೋ ತನಕ ಪಕ್ಕದಲ್ಲಿ ಹೀಗೇ ಕೂತಿರ್ತೀನಿ."