ಇವೆಂಚುಯಲಿಯ ಮೂರು ವಾಕ್ಯಗಳು

ನಾರೆಯ ನೋಟ್‌ಬುಕ್ಕನ್ನು ಗ್ಯುವೊನ್ ಎರಡು ಸಲ ಓದಿದ. ಬಂದರು ನಗರ ಬುಸಾನಿನ ಗುಡ್ಡದ ಮೇಲಿನ ಆ ಕೆಫೆಯಲ್ಲಿ ಪ್ರತಿ ಶನಿವಾರ ಅವರ ಇಂಗ್ಲಿಷ್ ಸ್ಟಡಿ ಗುಂಪು ಸೇರುತ್ತಿತ್ತು. ವಾರಕ್ಕೊಂದು ಪದ, ಅದನ್ನು ಬಳಸಿ ತಮ್ಮ ಬದುಕಿನದೇ ಮೂರು ವಾಕ್ಯ. ಈ ವಾರದ್ದು ‘ಇವೆಂಚುಯಲಿ’.

“ಇವೆಂಚುಯಲಿ ಸೋತೆ. ಇವೆಂಚುಯಲಿ ಅತ್ತುಬಿಟ್ಟೆ. ಇವೆಂಚುಯಲಿ ಅಮ್ಮನೂ ವಿಚಾರಿಸೋದು ಬಿಟ್ಟಳು.” ಅವನು ತಲೆಯೆತ್ತಿದ. “ನಾರೆಯವರೇ, ಯಾರಾದ್ರೂ ತೀರಿಕೊಂಡ್ರಾ?”

“ಡಿಕ್ಷನರೀಲಿ ‘ಕೊನೆಗೆ’ ಅಂತಿದೆ. ನಮ್ಮ ಭಾಷೇಲಿ ‘ಕೊನೆಗೆ’ ಅಂದ್ರೆ ಮುಂದೆ ಬರೋದು ಕೆಟ್ಟ ಸುದ್ದೀನೇ ತಾನೆ?”

“ಅಷ್ಟೇ ಅಲ್ಲ. ತಡ ಆಗತ್ತೆ, ಮಧ್ಯೆ ಏನೇನೋ ಅಡ್ಡ ಬರತ್ತೆ, ಆದ್ರೂ ಆಗೇ ಆಗತ್ತೆ. ಗೆದ್ದೋರೂ ಬಳಸಬಹುದು.”

“ಅದಕ್ಕೆ ಗೆದ್ದಿರಬೇಕಲ್ಲ.”

ಅವಳಿಗೆ ಬೇಕಿದ್ದದ್ದು ಬಂದರಿನಲ್ಲಿ ಹಡಗುಗಳಿಗೆ ರೇಡಿಯೊದಲ್ಲಿ ದಾರಿ ಹೇಳುವ ಕೆಲಸ. ಎರಡು ಸಲ ಸಂದರ್ಶನಕ್ಕೆ ಹೋಗಿದ್ದಳು. ‘ನಿಮ್ಮ ಇಂಗ್ಲಿಷ್ ಹೇಗಿದೆ?’ ಎಂದಾಗ, ಹಿರಿಯರೆದುರು ಎಲ್ಲರೂ ಹೇಳುವಂತೆ, ‘ನನ್ನಲ್ಲಿ ಇನ್ನೂ ಬಹಳ ಕೊರತೆಯಿದೆ’ ಎಂದು ಇಂಗ್ಲಿಷಿನಲ್ಲೇ ಹೇಳಿ ತಲೆಬಾಗಿದ್ದಳು. ಅವರು ನಂಬಿಬಿಟ್ಟಿದ್ದರು. ಈ ಮಂಗಳವಾರದ ಮೂರನೇ ಸಂದರ್ಶನವೂ ಕೈತಪ್ಪಿದರೆ ತನ್ನ ಊರಾದ ದ್ವೀಪಕ್ಕೆ ಮರಳಿ ಅಪ್ಪನ ಜೊತೆ ಕಡಲಪಾಚಿ ಒಣಗಿಸಬೇಕು. ಆಮೇಲೆ ಈ ಮೇಜೂ ಇಲ್ಲ, ಎದುರಿಗೆ ಗ್ಯುವೊನನೂ ಇಲ್ಲ.

“ಒಂದು ದಿನದ ಮಟ್ಟಿಗೆ ವಿನಯ ಬಿಟ್ಟುಬಿಡಿ,” ಎಂದ ಅವನು. ಅವಳು ನೋಡುತ್ತಲೇ ಇದ್ದುದರಿಂದ ಕಣ್ಣು ತಪ್ಪಿಸಿ ಕಾಫಿಯ ಐಸ್ ಕಲಕಿದ. ಐಸ್ ಕರಗಿ ಬಹಳ ಹೊತ್ತಾಗಿತ್ತು.

ಮಂಗಳವಾರ ಅದೇ ಪ್ರಶ್ನೆ ಬಂತು. ನಾರೆಯ ಕತ್ತು ತಾನಾಗಿ ಬಾಗತೊಡಗಿತು. ಅದನ್ನವಳು ತಡೆದಳು.

“ಮೂರು ವರ್ಷ ಹಿಡೀತು,” ಎಂದಳು ಇಂಗ್ಲಿಷಿನಲ್ಲಿ. “ಇವೆಂಚುಯಲಿ ಕಲಿತೆ. ನಾನು ಚೆನ್ನಾಗಿ ಮಾತಾಡ್ತೀನಿ. ಬಿರುಗಾಳೀಲೂ ಹಡಗಿನವರಿಗೆ ನನ್ನ ಮಾತು ಅರ್ಥ ಆಗತ್ತೆ.”

ಶನಿವಾರ ಮಧ್ಯಾಹ್ನ, ಗುಂಪು ಕೂತಿದ್ದಾಗಲೇ ನಾರೆಯ ಫೋನಿಗೆ ಫಲಿತಾಂಶ ಬಂತು. ಗುಂಪಿನ ಹಿರಿಯಳಾದ ಸೊನ್‌ಹ್ವಾ ಇಣುಕಿ ನೋಡಿದಳು. “ಪಾಸು! ಇವತ್ತಿನ ಕೇಕ್ ನಿಂದೇ ಕಣೇ.”

“ಕೊಡಿಸ್ತೀನಿ, ಅಕ್ಕ. ಮೊದಲು ಇನ್ನೊಂದು ಮಾತಿದೆ.” ನಾರೆ ಎದ್ದು ನಿಂತು ಗ್ಯುವೊನನತ್ತ ತಿರುಗಿದಳು. “ನನಗೆ ನೀವಂದ್ರೆ ಇಷ್ಟ. ನಿಮಗೂ ನಾನು ಇಷ್ಟ. ನಾನು ಕೇಳ್ತಾ ಇಲ್ಲ, ಹೇಳ್ತಾ ಇದೀನಿ.”

ಗ್ಯುವೊನನ ಕಿವಿಗಳು ಕೆಂಪಾದವು.

“ಬಾಯಿ ಬಿಡೋ,” ಎಂದಳು ಸೊನ್‌ಹ್ವಾ. “ಹುಡುಗಿ ನಿಂತೇ ಇದಾಳೆ.”

“ಹೌದು,” ಎಂದ ಗ್ಯುವೊನ್. ಮತ್ತೆ, ಸ್ವಲ್ಪ ಜೋರಾಗಿ, “ಹೌದು.” ಎದ್ದು ತನ್ನ ಕುರ್ಚಿಯನ್ನು ಮೇಜಿನ ಸುತ್ತ ಎಳೆದು ತಂದು ಅವಳ ಕುರ್ಚಿಗೆ ಒತ್ತಿ ಇಟ್ಟ. ಆ ಸದ್ದಿಗೆ ಇಡೀ ಕೆಫೆ ತಿರುಗಿ ನೋಡಿತು. ಇಬ್ಬರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ.