ಪೊರೆ ಕೊಟ್ಟ ನೀರು

ಮಂಕಾಳಿ ಪೊರೆ ತೊಳೆಯುತ್ತಿದ್ದಳು. ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿದಂತೆ ಲೋಳೆ ಬಿಟ್ಟು ಅದು ಮತ್ತೆ ಬೆಳ್ಳಗಾಯಿತು. ಅದನ್ನು ಚೌಕಟ್ಟಿಗೆ ಸೇರಿಸಿದಳು. ಒಂದು ಕಡೆಯಿಂದ ಸಮುದ್ರದ ನೀರು ಒಳಹೊಕ್ಕಿತು; ಇನ್ನೊಂದು ಕಡೆಯ ನಲ್ಲಿಯಲ್ಲಿ ಸಿಹಿನೀರು ಬಂತು.

ಪೊರೆಯಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿದ್ದವು. ಉಪ್ಪನ್ನು ತಡೆದು ನೀರನ್ನಷ್ಟೇ ದಾಟಿಸುವಂತೆ ಅವನ್ನು ಬೆಳೆಸಿದ್ದರು. ಕರೆಂಟು ಬೇಡ, ಮೇವು ಮಾತ್ರ ಬೇಕು. ಆ ಮೇವು, ಒಂದು ಹಳದಿ ಪುಡಿ, ಹೊರದೇಶದ ದತ್ತಿಸಂಸ್ಥೆಯೊಂದರಿಂದ ಪುಕ್ಕಟೆಯಾಗಿ ಬರುತ್ತಿತ್ತು.

ಕಡಲು ಏರಿ ದಡದ ಬಾವಿಗಳೆಲ್ಲ ಉಪ್ಪಾಗಿದ್ದ ಕಾಲವದು. ಈ ಮೀನುಗಾರರ ಕೇರಿಯಲ್ಲಿ ದಿಬ್ಬದ ಮೇಲಿನ ಒಂದೇ ಬಾವಿ ಸಿಹಿಯಾಗಿ ಉಳಿದಿತ್ತು. ಅಲ್ಲಿ ಸರತಿ ನಿಲ್ಲಲೆಂದೇ ಮಂಕಾಳಿ ಏಳನೇ ತರಗತಿಗೆ ಶಾಲೆ ಬಿಟ್ಟಿದ್ದಳು. ಪೊರೆ ಬಂದ ಮೇಲೆ ಯಾವ ಹುಡುಗಿಯೂ ಹಾಗೆ ಬಿಡಲಿಲ್ಲ. ಅದನ್ನು ಅವಳು ಅಲ್ಲಗಳೆಯುತ್ತಿರಲಿಲ್ಲ. ಆದರೂ ಪುಡಿಯ ಚೀಲ ಬಂದಾಗಲೆಲ್ಲ ಇಷ್ಟು ದೂರದವರಿಗೆ ನಮ್ಮ ಮೇಲೆ ಯಾಕಿಷ್ಟು ಅಕ್ಕರೆ ಎಂದು ಯೋಚಿಸುತ್ತಿದ್ದಳು.

ನಲ್ಲಿ ಬಂದ ಮೇಲೆ ಯಾರೂ ಸೇದದ ಆ ಬಾವಿ ಈಗ ನಾರುತ್ತಿತ್ತು. ಜನ ನಲ್ಲಿ ಬಿಟ್ಟು ಬಾವಿಗೆ ಮರಳದಿರಲೆಂದು ಸಂಸ್ಥೆಯವರೇ ಅದಕ್ಕೆ ಏನೋ ಹಾಕಿದ್ದಾರೆ ಎಂಬುದು ಅವಳ ಗುಮಾನಿ. ಸಂಸ್ಥೆಗಾಗಿ ಪೊರೆಯನ್ನು ರೂಪಿಸಿದ ಡಾಕ್ಟರ್ ನಿರುಪಮಾ ಕಿಣಿ ತಪಾಸಣೆಗೆ ಬಂದಾಗ, ತನ್ನ ಗುಮಾನಿ ಹೇಳಿ, ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆಂದು ಅವರ ಕೈಗಿಟ್ಟಳು.

ಮುಂದಿನ ತಿಂಗಳು ಕಿಣಿ ಉತ್ತರದೊಂದಿಗೆ ಬಂದರು. ಕೇರಿಯವರು ನಲ್ಲಿಯ ಸುತ್ತ ಸೇರಿದ್ದರು.

“ನಾವೇನೂ ಹಾಕಿಲ್ಲ, ಮಂಕಾಳಿ. ಕೊಳೆತಿರೋದು ಪೊರೆಯ ಜೀವಾಣುಗಳೇ. ಸವೆದ ಪೊರೆ ಎಲ್ಲಿ ಎಸೀತೀರಿ?”

ಹಿಂದೆಲ್ಲ ಪ್ರತಿ ಬೇಸಿಗೆ ಬಾವಿಗಿಳಿದು ಕೆಸರೆತ್ತುತ್ತಿದ್ದ ಜಟ್ಟಪ್ಪನೇ ಉತ್ತರಿಸಿದ. “ಬಾವಿಗೇ. ಕುಡಿಯದ ಬಾವಿ ಅಲ್ವಾ ಮೇಡಂ. ಎಸೀಬೇಡಿ ಅಂತ ನೀವೂ ಹೇಳ್ಲಿಲ್ಲ.”

ಇಲ್ಲೊಂದು ಸಿಹಿ ಬಾವಿ ಇದೆ ಎಂದೇ ಸಂಸ್ಥೆಯವರು ತನಗೆ ಮೊದಲು ತಿಳಿಸಿರಲಿಲ್ಲ ಎಂದರು ಕಿಣಿ.

ಮಂಕಾಳಿ ತಗ್ಗಿದ ದನಿಯಲ್ಲಿ ಕೇಳಿದಳು. “ಪುಡಿ ಬರೋದು ನಿಂತರೆ?”

“ಪುಡಿ ಮಾಡೋ ವಿಧಾನ ನಮಗೂ ಕೊಡಿ ಅಂತ ಸಂಸ್ಥೆಯವರನ್ನ ಕೇಳ್ತಾನೇ ಇದ್ದೇನೆ. ಕೊಟ್ಟಿಲ್ಲ.” ಕಿಣಿ ಕನ್ನಡಕ ಒರೆಸಿಕೊಂಡರು. “ನಿಲ್ಲೋದಿಲ್ಲ ಅಂತಾರೆ.”

“ಅಂತಾರೆ,” ಎಂದಳು ಮಂಕಾಳಿ.

ಮಳೆಗೆ ಮುಂಚೆ ಬಾವಿಯಿಂದ ಪೊರೆಗಳನ್ನೂ ಕೆಸರನ್ನೂ ಪೂರ್ತಿ ಎತ್ತಿದರೆ ಒರತೆ ತಿಳಿಯಾದೀತು ಎಂದು ಹೇಳಿ ಕಿಣಿ ಜೀಪು ಹತ್ತಿದರು. ಹಿಂದೆ ಆ ಕೆಲಸಕ್ಕೆ ಇಡೀ ಕೇರಿಯೇ ಸೇರುತ್ತಿತ್ತು. ಒಬ್ಬ ಇಳಿದರೆ ಉಳಿದವರು ಹಗ್ಗ ಎಳೆಯುವರು. ಆಮೇಲೆ ಎಲ್ಲರಿಗೂ ಅವಲಕ್ಕಿ, ಬೆಲ್ಲದ ಪಾನಕ. ಈ ಸಲವೂ ಹಾಗೇ ಎತ್ತೋಣವಾ ಎಂದು ಮಂಕಾಳಿ ಕೂತು ಪೊರೆ ತೊಳೆಯುತ್ತಲೇ ಮೆಲ್ಲಗೆ ಕೇಳಿದಳು.

“ನಲ್ಲಿ ನೀರು ನಿಂಗೆ ಕಹಿ ಆಯ್ತಾ ತಂಗಿ?” ಎಂದ ಜಟ್ಟಪ್ಪ. “ಬರುವ ವರ್ಷ ನೋಡುವ.” ಹೆಂಗಸರು ನಕ್ಕರು.

ನಾಲ್ಕು ಜನರ ಎದುರು ಎಂದೂ ದನಿ ಎತ್ತದ ಮಂಕಾಳಿ ಕೈ ಒರೆಸಿಕೊಂಡು ಎದ್ದು ನಿಂತಳು.

“ನಾಳೆ ಬೆಳಿಗ್ಗೆ ನಾನೇ ಇಳೀತೇನೆ. ಹಗ್ಗ ಹಿಡೀಲಿಕ್ಕೆ ಯಾರಾದ್ರೂ ಬನ್ನಿ.”

ಒಂದು ಕೊಡ ತುಂಬಿತು. ಅದನ್ನು ಸರಿಸಿ, ಯಾರೋ ಇನ್ನೊಂದನ್ನು ನಲ್ಲಿಯ ಕೆಳಗಿಟ್ಟರು.