ಹಿಕ್ಕೆಯೊಳಗಿನ ಜಾಲಿ

“ನೀನೇ ಉಗುಳಿದ್ದು! ಸುಳ್ಳು ಹೇಳ್ಬೇಡ ಕಣೋ!”

ಅಂಜನ್ ಮೇಲೆ ರೇಗಿದ ರಶ್ಮಿತಾಳ ಕೂಗಿಗೆ ಐದನೇ ಕ್ಲಾಸಿನವರೆಲ್ಲ ಓಡಿಬಂದರು. ಶಾಲೆಯ ಚೆಂಡುಹೂವಿನ ಮಡಿಯ ತುಂಬ ಪುಟ್ಟ ಬಳ್ಳಾರಿ ಜಾಲಿ ಸಸಿಗಳು! ಎಲ್ಲಿಂದಲೋ ಬಂದು ಕೊಂಡ್ಲಹಳ್ಳಿಯ ಬೀಳನ್ನೆಲ್ಲ ನುಂಗಿದ ಹಟಮಾರಿ ಗಿಡ ಅದು. ಹಿಂದೊಮ್ಮೆ ಶಾಲೆಯ ಮೂಲೆಯಿಂದ ಅದನ್ನು ಕೀಳುವಷ್ಟರಲ್ಲಿ ಮಕ್ಕಳಿಗೆ ಸಾಕುಸಾಕಾಗಿತ್ತು.

ಅಂಜನ್ ಜೇಬಿನಲ್ಲಿ ಸದಾ ಜಾಲಿಕಾಯಿ ಇರುತ್ತಿತ್ತು. ಸಿಹಿ ಎಂದು ಚೀಪುತ್ತಿದ್ದ.

“ನಾನು ಬೀಜ ಉಗುಳೋದು ರೋಡಲ್ಲಿ ಕಣೇ, ದೇವರಾಣೆ!” ಎಂದ.

ಯಾರೂ ನಂಬಲಿಲ್ಲ. ಕಾಂಚನಾ ಮಿಸ್ ಅವನನ್ನು ಗಾರ್ಡನ್ ಟೀಮಿನಿಂದ ತೆಗೆದರು. ಅವನು ಹಿಡಿಯುತ್ತಿದ್ದ ನೀರಿನ ಪೈಪು ರಶ್ಮಿತಾಳ ಕೈಗೆ ಬಂತು. ಅವಳಿಗೆ ಖುಷಿಯೋ ಖುಷಿ.

ಸಂಜೆ ಮೇಕೆ ರೊಪ್ಪ ಗುಡಿಸುತ್ತಿದ್ದ ಅಜ್ಜ ಹನುಮಣ್ಣನಿಗೆ ಅವಳು ಎಲ್ಲವನ್ನೂ ಹೇಳಿದಳು.

“ಅಲ್ಲವ್ವ, ಹೋದ ತಿಂಗಳು ಒಂದು ಚೀಲ ಹಿಕ್ಕೆ ಸ್ಕೂಲಿಗೆ ಒಯ್ದಿದ್ಯಲ್ಲ, ಏನ್ ಮಾಡ್ದೆ?”

“ಮಡಿಗೆ ಹಾಕ್ದೆ. ಎಲ್ರೂ ಚಪ್ಪಾಳೆ ಹೊಡೆದ್ರು!”

“ಹಂಗೇ ಹಾಕಿದ್ಯಾ? ಗುಂಡೀಲಿ ಕೊಳೆಸ್ದಲೆ?”

ಅಜ್ಜ ನಗುತ್ತಾ ಒಂದು ಹಿಕ್ಕೆಯನ್ನು ಬೆರಳಲ್ಲಿ ಪುಡಿ ಮಾಡಿದ. ಒಳಗೆ ಗಟ್ಟಿಯಾದ ಬೀಜವೊಂದು ಸಿಕ್ಕಿತು.

“ನೋಡು, ಜಾಲಿ ಬೀಜ. ನಮ್ಮ ಮೇಕೆಗೆ ಅರಗಿಲ್ಲ. ಗುಂಡೀಲಿ ಕೊಳೆತಿದ್ರೆ ಸತ್ತೋಗ್ತಿತ್ತು.”

ರಶ್ಮಿತಾ ಆ ಬೀಜವನ್ನೇ ನೋಡಿದಳು. ಇದು ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಪೈಪು ತನ್ನದೇ. ಆದರೆ ಅಂಜನ್?

ಅವತ್ತು ಊಟವೇ ಸೇರಲಿಲ್ಲ.

ಬೆಳಿಗ್ಗೆ ಪ್ರೇಯರ್ ಮುಗಿಯುತ್ತಲೇ ಮಿಸ್ ಮುಂದೆ ನಿಂತಳು.

“ಮಿಸ್, ಜಾಲಿ ತಂದಿದ್ದು ಅಂಜನ್ ಅಲ್ಲ, ನಾನು. ನಮ್ಮ ಮೇಕೆ ಹಿಕ್ಕೇಲಿ ಬಂದೈತೆ.”

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಿಸ್ಸೂ ನಕ್ಕುಬಿಟ್ಟರು. ನಗದವನು ಅಂಜನ್ ಒಬ್ಬನೇ.

ಗಾರ್ಡನ್ನಿನಲ್ಲಿ ರಶ್ಮಿತಾ ಪೈಪನ್ನು ಅವನತ್ತ ಚಾಚಿ, “ಸಾರಿ ಕಣೋ,” ಎಂದಳು.

ಅವನು ಪೈಪು ಮುಟ್ಟಲಿಲ್ಲ. ಮಡಿಯ ಹತ್ತಿರ ಕೂತು ಒಂದೊಂದೇ ಸಸಿ ಕೀಳತೊಡಗಿದ.

“ನಿನ್ನೆ ದೇವರಾಣೆ ಅಂದ್ರೂ ನಂಬ್ಲಿಲ್ಲ ನೀನು,” ಎಂದ ಮೆಲ್ಲಗೆ.

ಅವನು ಆಣೆ ಹಾಕಿದಾಗ ತಾನು ಅವನ ಮುಖವನ್ನೇ ನೋಡಿರಲಿಲ್ಲ, ಜೇಬನ್ನಷ್ಟೇ ನೋಡಿದ್ದು ನೆನಪಾಗಿ ರಶ್ಮಿತಾಳ ಕಣ್ಣು ತುಂಬಿತು. ಅವಳೂ ಪಕ್ಕದಲ್ಲಿ ಕೂತು ಕೀಳತೊಡಗಿದಳು.

ಸ್ವಲ್ಪ ಹೊತ್ತಾದ ಮೇಲೆ ಅಂಜನ್ ತುಸು ಸರಿದು ಅವಳಿಗೆ ಜಾಗ ಮಾಡಿಕೊಟ್ಟ.